ತುಟಿ ಕಾಣಿಸಲಿ: ವಿಡಿಯೋ ಕಾಲ್‌ನಲ್ಲಿ ಜರ್ಮನ್ ಕಲಿಸುವುದು

ಎಲ್ಲರಿಗೂ ನಮಸ್ಕಾರ.

ನಾನು ಜರ್ಮನ್ ಕಲಿಸುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಯರೇ ಜಾಸ್ತಿ. ಜರ್ಮನಿಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು, ಅಂದರೆ ಭಾಷೆ ಕಲಿಕೆಯ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು. ರೋಗಿ ಎಲ್ಲಿ ನೋವು ಅಂತ ಹೇಳಿದ್ದು ಇವರಿಗೆ ತಿಳಿಯಬೇಕು, ಇವರ ಮಾತು ಅವರಿಗೆ ತಿಳಿಯಬೇಕು.

ಮೊದಮೊದಲು ನಾನು ಜೂಮ್‌ನಲ್ಲಿ ಮೂವತ್ತು ಜನರನ್ನು ಕೂರಿಸಿ, ಸ್ಕ್ರೀನ್ ಶೇರ್ ಮಾಡಿ, ಬರೀ ವ್ಯಾಕರಣ ಹೇಳುತ್ತಿದ್ದೆ. ಎಲ್ಲರ ಮೈಕ್ ಮ್ಯೂಟ್, ಕ್ಯಾಮೆರಾ ಆಫ್. ಅದು ತಪ್ಪು. ಬಾಯಿ ಬಿಡದೆ ಯಾವ ಭಾಷೆ ಬರುತ್ತದೆ?

ನನಗೆ ದಾರಿ ತೋರಿಸಿದ್ದು ಒಂದು ಸ್ವರ. ಜರ್ಮನ್‌ನಲ್ಲಿ 'ಶೋನ್' ಅಂದರೆ 'ಆಗಲೇ'. 'ಚೆಂದ' ಅನ್ನುವುದಕ್ಕೂ ಹೆಚ್ಚುಕಡಿಮೆ ಅದೇ ಪದ, ನಡುವಿನ ಸ್ವರ ಮಾತ್ರ ಬೇರೆ. ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಒಬ್ಬ ಹುಡುಗಿ ನೋಟ್‌ಬುಕ್ಕಿನಲ್ಲಿ ಎರಡಕ್ಕೂ 'ಶೋನ್' ಅಂತಲೇ ಬರೆದುಕೊಂಡಿದ್ದಳು. ಎಷ್ಟು ಸಲ ಹೇಳಿದರೂ ವ್ಯತ್ಯಾಸ ಅವಳ ಕಿವಿಗೆ ಬೀಳಲಿಲ್ಲ. ಕೊನೆಗೆ, "ಕಿಟಕಿಗೆ ಮುಖ ಮಾಡಿ ಕೂತ್ಕೋಮ್ಮ, ಮೊಬೈಲ್ ಹತ್ತಿರ ತಾ. ಈಗ 'ಏ' ಅನ್ನು. ನಾಲಿಗೆ ಕದಲಿಸಬೇಡ, ತುಟಿ ಮಾತ್ರ 'ಓ' ಅನ್ನೋ ಹಾಗೆ ದುಂಡಗೆ ಮಾಡು" ಅಂದೆ. ಪರದೆಯಲ್ಲಿ ನನ್ನ ತುಟಿ, ಪಕ್ಕದಲ್ಲೇ ಅವಳ ತುಟಿ. ಮೂರನೇ ಸಲಕ್ಕೆ ಬಂತು. ಕ್ಲಾಸಿನಲ್ಲಿ ಕೊನೇ ಬೆಂಚಿನವಳಿಗೆ ಇಷ್ಟು ಹತ್ತಿರದಿಂದ ತೋರಿಸಲು ಆಗುವುದಿಲ್ಲ, ಅಲ್ವಾ?

ಹೇಳಿಕೊಟ್ಟರಷ್ಟೇ ಸಾಲದು, ಮಾತಾಡಲು ಜೊತೆಯೂ ಬೇಕು. ಬ್ರೆಜಿಲ್‌ನ ಸಾವೊ ಪಾಲೊ ಸ್ಟೇಟ್ ಯೂನಿವರ್ಸಿಟಿಯಲ್ಲಿ 2006ರಲ್ಲಿ 'ಟೆಲಿಟ್ಯಾಂಡೆಮ್' ಶುರುವಾಯಿತು. ಅಲ್ಲಿನ ವಿದ್ಯಾರ್ಥಿಗಳು ಪೋರ್ಚುಗೀಸ್ ಕಲಿಯುವ ಹೊರದೇಶದವರ ಜೊತೆ ಇಬ್ಬಿಬ್ಬರಾಗಿ ವಿಡಿಯೋದಲ್ಲಿ ಕೂರುತ್ತಾರೆ. ಅರ್ಧ ಹೊತ್ತು ಒಬ್ಬರ ಭಾಷೆ, ಇನ್ನರ್ಧ ಇನ್ನೊಬ್ಬರದು. ಎರಡನ್ನೂ ಬೆರೆಸಬಾರದು.

ಇದನ್ನು ನಾನು ನಮ್ಮವರಿಗೇ ಹೊಂದಿಸಿದೆ. ಜರ್ಮನಿಯ ಕನ್ನಡದ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಜರ್ಮನ್ ನೀರು ಕುಡಿದಷ್ಟು ಸಲೀಸು, ಕನ್ನಡ ತಡವರಿಸುತ್ತದೆ. ನಮ್ಮ ಹುಡುಗಿಯರದು ತಿರುಗುಮುರುಗು. ಉಚಿತ ಜೂಮ್ ಮೀಟಿಂಗ್ 40 ನಿಮಿಷಕ್ಕೆ ನಿಲ್ಲುತ್ತದೆ, ಹಾಗಾಗಿ ಇಪ್ಪತ್ತು ಇಪ್ಪತ್ತು ನಿಮಿಷ. ಭಾನುವಾರ ಅಲ್ಲಿ ಬೆಳಿಗ್ಗೆ ಹನ್ನೊಂದಾದರೆ ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆ, ಬೇಸಿಗೆಯಲ್ಲಿ ಎರಡೂವರೆ. ಮಕ್ಕಳ ಪಕ್ಕದಲ್ಲಿ ಅಪ್ಪನೋ ಅಮ್ಮನೋ ಇರುತ್ತಾರೆ.

ಒಂದು ದಿನ ನಮ್ಮ ಹುಡುಗಿ ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದಳು. ಅಲ್ಲಿಂದ ಹುಡುಗ, "ಅಕ್ಕಾ, ನನಗೂ ಒಂದು ತೊಲೆ" ಅಂದ. ಅವಳಿಗೆ ನಗು ಬಂದರೂ ತಡೆದುಕೊಂಡಳು. ಬಾಯಿ ಅಗಲ ಮಾಡಿ, ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಕ್ಯಾಮೆರಾಕ್ಕೆ ತೋರಿಸಿದಳು. "ತೊಳೆ ಕಣೋ. ಳ, ಳ." ನಾನು ಅವಳಿಗೆ ತುಟಿ ತೋರಿಸಿದ್ದ ಹಾಗೆಯೇ.

ಒಂದು ಎಚ್ಚರಿಕೆ ಹೇಳಲೇಬೇಕು. ಎದುರಿನವರು ಮಾತಾಡುವಾಗ ನಾವು ಸುಮ್ನೆ ಕೂರುವುದಿಲ್ಲ, "ಹೂಂ, ಹೂಂ" ಅನ್ನುತ್ತಿರುತ್ತೇವೆ. ಸ್ಪೀಕರ್ ಹಾಕಿಕೊಂಡಿದ್ದರೆ, ಪ್ರತಿಧ್ವನಿ ತಡೆಯುವ ಸಾಫ್ಟ್‌ವೇರ್ ಎಷ್ಟೋ ಸಲ ಒಬ್ಬರ ದನಿಯನ್ನು ನುಂಗಿಬಿಡುತ್ತದೆ. ಹೊಸ ಭಾಷೆಯಲ್ಲಿ ಒಂದು ಅಕ್ಷರ ತಪ್ಪಿದರೂ ಇಡೀ ಮಾತು ಕೈಬಿಟ್ಟು ಹೋಗುತ್ತದೆ. ಇಯರ್‌ಫೋನ್ ಹಾಕಿ, ಹೂಂಗುಟ್ಟುವ ಬದಲು ತಲೆಯಾಡಿಸಿ.

ಈಗ ಎಲ್ಲರೂ ಮೊಬೈಲ್ ತೆಗೆಯಿರಿ, ಸೆಲ್ಫಿ ಕ್ಯಾಮೆರಾ ಆನ್ ಮಾಡಿ. 'ಈ' ಅನ್ನಿ. ನಾಲಿಗೆ ಅಲ್ಲೇ ಇರಲಿ, ತುಟಿ 'ಊ' ಅನ್ನುವ ಹಾಗೆ ಮುಂದಕ್ಕೆ ಬರಲಿ. ಜರ್ಮನ್‌ನಲ್ಲಿ ಬಾಗಿಲಿಗೆ ಹೇಳುವ ಪದದ ಸ್ವರ ಇದು. ಹಿಂದಿನ ಸಾಲಿನವರು ಇನ್ನೊಂದು ಸಲ ಅನ್ನಿ.