ಬುಟ್ಟಿ ಉಳೀತು, ಸೊಪ್ಪು ಹೋಯ್ತು

ಎಲ್ರಿಗೂ ನಮಸ್ಕಾರ. ವಿಜಯದಶಮಿ ಆಗಿ ಐದು ದಿನಕ್ಕೆ ಭೂಮಿ ಹುಣ್ಣಿಮೆ. ನಮ್ಮ ಸಾಗರ, ಸೊರಬದ ಕಡೆ ಆಗ ಭತ್ತ ಹೊಡೆ (ಇನ್ನೂ ಬಿಚ್ಚದ ತೆನೆ) ಹೊತ್ಕೊಂಡು ನಿಂತಿರುತ್ತೆ, ಅಂದ್ರೆ ಭೂಮ್ತಾಯಿ ಬಸುರಿ, ಬಸುರಿಗೆ ಬಯಕೆ ಊಟ ಬಡಿಸ್ಬೇಕಲ್ಲ, ಅದೇ ಹಬ್ಬ.

ಈಗ ಹಬ್ಬ ಬಂತು ಅಂದ್ರೆ ಫೋನ್ ತುಂಬಾ ಭೂಮಣ್ಣಿ ಬುಟ್ಟಿ ಫೋಟೋ, ಗದ್ದೆಗೆ ಎಡೆ ಹೊತ್ಕೊಂಡು ಹೋಗೋ ಬುಟ್ಟಿ ಅದು. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಪುಂಡಿ ನಾರಲ್ಲಿ ಅಕ್ಕಿ ಹಿಟ್ಟಿನ ಚಿತ್ತಾರ ಬರ್ದಿರೋ ಬುಟ್ಟಿ ಚೆಂದನೇ, ನಂಗೂ ಇಷ್ಟ. ಆದ್ರೆ ಅದ್ರೊಳಗೆ ಏನು ತುಂಬ್ತಿದ್ರು ಅನ್ನೋದನ್ನೇ ಮರೀತಾ ಇದೀವಿ, ನನ್ನ ಸಂಕಟ ಅದು.

ಹಚ್ಚಂಬಲಿ ಮಾರಾಯ್ರೆ, ಬೆರಕೆ ಸೊಪ್ಪಿನ ಎಡೆ! ನೂರೊಂದು ಥರದ ಕುಡಿ ಸೇರಿಸಿ ಬೇಯಿಸ್ಬೇಕು ಅಂತಿದ್ರು. ಹಿಂದಿನ ದಿನ ಅಜ್ಜಿ ಮಡಿಲು ಕಟ್ಕೊಂಡು ಹೊರಟ್ರೆ ಹಿಂದೆ ನಾನು, ಗದ್ದೆ ಬದು, ಬೇಲಿ, ಕೆರೆ ದಂಡೆ ಎಲ್ಲಾ ಸುತ್ತಿ ಒಂದೆಲಗ, ಹೊನಗೊನೆ, ಕನ್ನೆ ಕುಡಿ, ಅಮಟೆ ಚಿಗುರು ಅಂತ ಕೊಯ್ಯೋದು. ಕೆಸ ಕೀಳೋಕೆ ಹೋದ್ರೆ ಕೈಗೊಂದು ಏಟು, "ಅದು ತುರಿಸ್ತದೆ, ದಂಟು ಕಪ್ಪಿರೋದು ನೋಡಿ ಕೀಳು". ಅದೇ ನಂಗೆ ಪಾಠ. ರಾತ್ರಿ ಪೂರ್ತಿ ಹೆಂಗಸ್ರು ಮಲಗ್ತಿರ್ಲಿಲ್ಲ, ಒಂದು ಒಲೆ ಮೇಲೆ ಕೊಟ್ಟೆ ಕಡುಬು, ಇನ್ನೊಂದರ ಮೇಲೆ ಸೊಪ್ಪು.

ಕೋಳಿ ಕೂಗೋಕೆ ಮುಂಚೆ ಅಜ್ಜ ಲಾಟೀನು ಹಿಡ್ಕೊಂಡು ಹೋಗಿ ಗದ್ದೆ ತುಂಬಾ ಹಚ್ಚಂಬಲಿ ಬೀರ್ತಿದ್ರು. ಬೆಳಗಾದ್ಮೇಲೆ ಜಾಗಟೆ ಹೊಡ್ಕೊಂಡು ಇಡೀ ಮನೆ ಹೊರಡೋದು. ಅಜ್ಜಿ ತನ್ನ ಕತ್ತಿನ ಸರ ತೆಗ್ದು ಭತ್ತದ ಬುಡಕ್ಕೆ ಹಾಕಿ ಪೂಜೆ ಮಾಡ್ತಿದ್ಲು. ಎಡೆಯಲ್ಲಿ ಕಾಗೆಗೂ ಪಾಲು, ಪೈರು ಕತ್ತರಿಸೋ ಇಲಿಗೂ ಪಾಲು. ಒಂದು ಕಡುಬು ಗದ್ದೆಲೇ ಹೂತಿಟ್ಟು ಕೊಯ್ಲಿಗೆ ತೆಗೀತಿದ್ರು. ಆಮೇಲೆ ಅಲ್ಲೇ ಬದು ಮೇಲೆ ಬಾಳೆ ಎಲೆ ಹಾಸಿ ಎಲ್ರೂ ಊಟ.

ಈಗ ನಮ್ಮ ಅರ್ಧ ಗದ್ದೆ ಅಡಿಕೆ ತೋಟ ಆಗಿದೆ, ಸರಿ, ದುಡ್ಡು ಬೇಕು, ಅದಕ್ಕೆ ಯಾರನ್ನೂ ಬಯ್ಯಲ್ಲ. ಆದ್ರೆ ಉಳಿದ ಬದುಗೂ ಕಳೆನಾಶಕ ಹೊಡೀತೀವಲ್ಲ, ಅಲ್ಲಿ ಸಾಯೋದು ಬರೀ ಕಳೆ ಅಲ್ಲ, ಅಜ್ಜಿ ಮಡಿಲಿಗೆ ಬರ್ತಿದ್ದ ಸೊಪ್ಪೇ ಅದು. ಹೋದ ವರ್ಷ ನಮಗೆ ಸಿಕ್ಕಿದ್ದು 11 ಥರ, ಅದ್ರಲ್ಲಿ ನಾಲ್ಕು ಸಂತೆಯಿಂದ ತಂದಿದ್ದು.

ಒಂದು ಬದು ಬಿಡಿ, ಸ್ಪ್ರೇ ಮಾಡ್ಬೇಡಿ, ಅಷ್ಟೇ ನಾನು ಕೇಳೋದು. ಅಮ್ಮಂಗೆ ಇನ್ನೂ 30-40 ಸೊಪ್ಪಿನ ಹೆಸರು ಬಾಯಲ್ಲಿದೆ, ಈ ಸಲ ಅವಳ ಹಿಂದೆ ನಾನೂ ಮಗಳೂ ಇಬ್ರೂ ಹೋಗ್ತಿದೀವಿ.