‘ಸ್ಕಿನಮರಿಂಕ್’ನಲ್ಲಿ ನಿಜವಾಗಿಯೂ ಏನೂ ನಡೆಯುವುದಿಲ್ಲವೇ?

ನಮಸ್ಕಾರ. ಕೆನಡಾದ ಕೈಲ್ ಎಡ್ವರ್ಡ್ ಬಾಲ್ ನಿರ್ದೇಶಿಸಿದ ‘ಸ್ಕಿನಮರಿಂಕ್’ ಎಂಬ ಹಾರರ್ ಚಿತ್ರವನ್ನು ಅನೇಕ ವಿಮರ್ಶಕರು ಮನಸಾರೆ ಮೆಚ್ಚಿಕೊಂಡರು. ಅದೇ ಚಿತ್ರವನ್ನು ನೋಡಿದ ಬಹಳಷ್ಟು ಪ್ರೇಕ್ಷಕರು, ನೂರು ನಿಮಿಷ ನಮಗೆ ಬರೀ ಗೋಡೆ ತೋರಿಸಿದರೆಂದು ಸಿಟ್ಟಾದರು. ಈ ಜಗಳದಲ್ಲಿ ಎರಡು ಬೇರೆ ಬೇರೆ ಆಕ್ಷೇಪಗಳು ಬೆರೆತುಹೋಗಿವೆ. ‘ಏನೂ ನಡೆಯುವುದಿಲ್ಲ’ ಎಂಬುದು ಒಂದು, ‘ತೀರಾ ಉದ್ದವಾಯಿತು’ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪಲಾರೆ, ಎರಡನೆಯದನ್ನು ಒಪ್ಪುತ್ತೇನೆ.

ಕಥೆ ನಡೆಯುವುದು 1995ರಲ್ಲಿ. ನಾಲ್ಕು ವರ್ಷದ ಕೆವಿನ್ ಮತ್ತು ಅವನ ಅಕ್ಕ ಕೇಲೀ ನಡುರಾತ್ರಿ ಎದ್ದು ನೋಡಿದರೆ ಅಪ್ಪ ಕಾಣುವುದಿಲ್ಲ, ಮನೆಯ ಕಿಟಕಿ ಬಾಗಿಲುಗಳೂ ಮಾಯವಾಗುತ್ತಿವೆ. ಮಕ್ಕಳ ಮುಖವನ್ನು ಕ್ಯಾಮೆರಾ ತೋರಿಸುವುದೇ ಅಪರೂಪ. ಅದು ಸೂರನ್ನೋ ಬಾಗಿಲ ಚೌಕಟ್ಟನ್ನೋ ನೆಲದ ಆಟಿಕೆಗಳನ್ನೋ ನೋಡುತ್ತ ನಿಲ್ಲುತ್ತದೆ, ಪಕ್ಕದಲ್ಲಿ ಟಿವಿಯ ಹಳೆಯ ಕಾರ್ಟೂನು ಗುನುಗುತ್ತಿರುತ್ತದೆ. ಕತ್ತಲೆಯ ಮೇಲೆ ಹಳೆಯ ಫಿಲ್ಮಿನಂಥ ಒರಟು ಕಣಗಳನ್ನು ಹರಡಿರುವುದರಿಂದ, ಅಲ್ಲಿ ಯಾರೋ ನಿಂತಿದ್ದಾರೆಂದು ಕಣ್ಣು ತಾನೇ ಆಕಾರ ಕಟ್ಟಿಕೊಳ್ಳಲು ತೊಡಗುತ್ತದೆ. ಆ ಕೆಲಸವನ್ನು ನೋಡುವವರ ಕಣ್ಣಿಗೇ ಬಿಟ್ಟಿರುವುದು ಸೋಮಾರಿತನವಲ್ಲ, ಅದೇ ಈ ಚಿತ್ರದ ವಿಧಾನ.

ಕೇಲೀ ಒಬ್ಬಳೇ ಮಹಡಿಯ ಕೋಣೆಗೆ ಹೋಗುವ ದೃಶ್ಯವನ್ನು ಗಮನಿಸಿ. ಮಂಚದ ಮೇಲೆ ಕುಳಿತ ಅಪ್ಪ ‘ಮಂಚದ ಕೆಳಗೆ ನೋಡು’ ಎನ್ನುತ್ತಾನೆ. ಅವಳು ಬಗ್ಗಿ ನೋಡಿ ಮೇಲೆದ್ದಾಗ ಅಪ್ಪನಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಮಂಚದ ಮೇಲೆ ಬೆನ್ನು ತಿರುಗಿಸಿ ಕುಳಿತಿರುವವಳು ಅಮ್ಮ. ಹೆತ್ತವರ ದನಿಯನ್ನು ನಂಬಬೇಕೋ ಬೇಡವೋ ಎಂದು ಒಂದು ಮಗು ತೀರ್ಮಾನಿಸಬೇಕಾದ ಕ್ಷಣ ಅದು. ಇಷ್ಟು ನಡೆದ ಮೇಲೆ ಏನೂ ನಡೆಯಲಿಲ್ಲ ಎನ್ನುವುದು ಹೇಗೆ?

ಬಾಲ್‌ಗೆ ಈ ಭಯ ಎಲ್ಲಿಂದ ಬಂತೆಂಬುದೂ ಮುಖ್ಯ. ವೀಕ್ಷಕರು ಹೇಳಿದ ದುಃಸ್ವಪ್ನಗಳನ್ನು ಅವರು ಯೂಟ್ಯೂಬಿನಲ್ಲಿ ಕಿರುಚಿತ್ರಗಳಾಗಿ ಮಾಡುತ್ತಿದ್ದರು. ಮನೆಯಲ್ಲಿ ಮಗು ಒಂಟಿ, ಹೆತ್ತವರಿಲ್ಲ, ಆದರೆ ಇನ್ನೇನೋ ಇದೆ ಎಂಬ ಕನಸು ಅಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಆಮೇಲೆ ಎಡ್ಮಂಟನ್‌ನಲ್ಲಿ ತಾವು ಬೆಳೆದ ಮನೆಯಲ್ಲೇ, ಸುಮಾರು 15,000 ಡಾಲರ್ ವೆಚ್ಚದಲ್ಲಿ, ಈ ಚಿತ್ರವನ್ನು ತೆಗೆದರು.

2022ರಲ್ಲಿ ಮಾಂಟ್ರಿಯಲ್‌ನ ಫ್ಯಾಂಟೇಸಿಯಾ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಈ ಚಿತ್ರ ಬಿಡುಗಡೆಗೆ ಮುನ್ನವೇ ಸೋರಿಕೆಯಾಗಿ, ಅದರ ತುಣುಕುಗಳು ಟಿಕ್‌ಟಾಕ್‌ನಲ್ಲಿ ಹರಿದಾಡಿದವು. ಹೀಗಾಗಿ 2023ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದವರಲ್ಲಿ ಅನೇಕರು, ಇಷ್ಟು ಭಯಾನಕ ಚಿತ್ರ ಇನ್ನೊಂದಿಲ್ಲ ಎಂಬ ಮಾತನ್ನು ಕೇಳಿಸಿಕೊಂಡೇ ಬಂದಿದ್ದರು. ಇಷ್ಟು ಮೆಲುದನಿಯ, ಪಿಸುಮಾತಿಗೆ ಅಡಿಬರಹ ಬೇಕಾಗುವ ಚಿತ್ರಕ್ಕೆ ಆ ಪ್ರಚಾರ ಅನ್ಯಾಯವನ್ನೇ ಮಾಡಿತು.

ಆದರೆ ಉದ್ದದ ದೂರನ್ನು ಪ್ರಚಾರದ ತಲೆಗೆ ಕಟ್ಟಲಾಗದು. ಬಾಲ್ ಇದೇ ವಸ್ತುವನ್ನು ಮೊದಲು ‘ಹೆಕ್’ ಎಂಬ ಕಿರುಚಿತ್ರದಲ್ಲಿ ಪ್ರಯೋಗಿಸಿದ್ದರು, ಈ ವಿಧಾನಕ್ಕೆ ಆ ಅಳತೆಯೇ ಹೆಚ್ಚು ಹೊಂದುತ್ತದೆ. ಕೇಲೀ ಕಥೆಯಿಂದ ಮರೆಯಾದ ಮೇಲೆ ಅದೇ ಮೂಲೆ, ಅದೇ ಸೂರು ಹೊಸದೇನನ್ನೂ ಸೇರಿಸದೆ ಮರಳಿ ಬರುತ್ತವೆ. ಹುಟ್ಟಿದ ಭಯ ಆಗ ಆಯಾಸಕ್ಕೆ ಜಾರುತ್ತದೆ. ಇಪ್ಪತ್ತೈದು ನಿಮಿಷ ಕತ್ತರಿಸಿದ್ದರೆ ಚಿತ್ರದ ಅಪರಿಚಿತತೆಯಲ್ಲಿ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ಚಿತ್ರವನ್ನು ಮೆಚ್ಚಿದ ನಾವೇ ಇದನ್ನು ಹೇಳಬೇಕು, ಏಕೆಂದರೆ ಬೇಸತ್ತು ಎದ್ದುಹೋದ ಪ್ರೇಕ್ಷಕರಿಗೆ ತಾಳ್ಮೆಯಿಲ್ಲವೆಂದು ಹಣೆಪಟ್ಟಿ ಹಚ್ಚಿದರೆ, ಅವರು ಗುರುತಿಸಿದ ನಿಜವಾದ ದೋಷವೂ ಆ ಹಣೆಪಟ್ಟಿಯಡಿ ಮುಚ್ಚಿಹೋಗುತ್ತದೆ.