ಸೆಂಟ್ರಿಂಗ್ ಇಲ್ಲದೆ ಎದ್ದ ಕಮಾನು

ಕೇಳುಗರಿಗೆ ನಮಸ್ಕಾರ.

ಕಮಾನು ಕಟ್ಟುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ. ಮೊದಲು ಕೆಳಗಡೆ ಸೆಂಟ್ರಿಂಗ್, ಅಂದರೆ ತಾತ್ಕಾಲಿಕ ಆಸರೆ, ಕೊಡಬೇಕು. ಅದರ ಮೇಲೆ ಎರಡೂ ಕಡೆಯಿಂದ ಕಲ್ಲೋ ಇಟ್ಟಿಗೆಯೋ ಜೋಡಿಸುತ್ತಾ ಬಂದು, ನಡುನೆತ್ತಿಯ ಕಲ್ಲನ್ನು ಕೂರಿಸಬೇಕು. ಆಮೇಲೇ ಸೆಂಟ್ರಿಂಗ್ ಬಿಚ್ಚುವುದು. ಆ ಕೊನೆಯ ಕಲ್ಲು ಕೂರುವ ತನಕ ಕಮಾನಿಗೆ ಸ್ವಂತ ಬಲ ಇಲ್ಲ. ಸರಿ, ಕಮಾನಿನ ಎತ್ತರ 630 ಅಡಿ ಆದರೆ? ಅಷ್ಟೆತ್ತರಕ್ಕೆ ಸೆಂಟ್ರಿಂಗ್ ಕೊಡುವವರು ಯಾರು?

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಅಂಥದ್ದೊಂದು ಕಮಾನಿದೆ. ಹೆಸರು ಗೇಟ್‌ವೇ ಆರ್ಚ್. 1803ರಲ್ಲಿ ಅಧ್ಯಕ್ಷ ಜೆಫರ್ಸನ್ ಫ್ರಾನ್ಸಿನಿಂದ ದೊಡ್ಡ ಭೂಭಾಗವನ್ನು ಖರೀದಿಸಿದರು. ಜನ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟಿದ್ದು ಈ ಊರಿನ ಮೇಲಿಂದಲೇ. ಅದರ ನೆನಪಿಗೆ ಈ ಕಮಾನು. ಅಲ್ಲಿ ಮೊದಲೇ ಬದುಕಿದ್ದ ಮೂಲನಿವಾಸಿಗಳನ್ನು ಆಗ ಯಾರೂ ಕೇಳಲಿಲ್ಲ ಅನ್ನುವುದೂ ಅಷ್ಟೇ ನಿಜ.

ಸ್ಮಾರಕ ಹೇಗಿರಬೇಕು ಅಂತ 1947ರಲ್ಲಿ ಸ್ಪರ್ಧೆ ಕರೆದರು. ಹೆಸರಾಂತ ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ಒಂದು ವಿನ್ಯಾಸ ಕಳಿಸಿದರು. ಅವರ ಮಗ ಈರೋ ಸಾರಿನೆನ್ ತನ್ನದೇ ಬೇರೆ ವಿನ್ಯಾಸ ಕಳಿಸಿದರು. ಆಯ್ಕೆಯ ತಂತಿ ಬಂದಿದ್ದು ಅಪ್ಪನ ಹೆಸರಿಗೆ! ಮನೆಯವರೆಲ್ಲ ಸಂಭ್ರಮಪಟ್ಟರು. ಆಮೇಲೆ ಗೊತ್ತಾಯಿತು, ಗೆದ್ದಿದ್ದು ಮಗ, ತಂತಿ ತಪ್ಪಿ ಬಂದಿದೆ ಅಂತ.

ಈ ಕಮಾನಿನ ಆಕಾರ ಅರ್ಧ ವೃತ್ತ ಅಲ್ಲ. ಕೊರಳಿನ ಸರದ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಸುಮ್ನೆ ಇಳಿಬಿಡಿ. ಅದು ತಾನೇ ಒಂದು ಬಾಗು ಪಡೆಯುತ್ತದೆ ಅಲ್ವಾ? ಅಲ್ಲಿ ಇರುವುದು ಎಳೆತ ಮಾತ್ರ. ಅದೇ ಬಾಗನ್ನು ತಲೆಕೆಳಗು ಮಾಡಿ ಕಟ್ಟಿದರೆ ಎಳೆತವೆಲ್ಲ ಒತ್ತಡವಾಗುತ್ತದೆ. ಭಾರ ಕಾಲಿನ ಗುಂಟ ಹರಿದು ನೆಲ ಸೇರುತ್ತದೆ. ಆದರೆ ಈ ಕಮಾನು ಬುಡದಲ್ಲಿ ದಪ್ಪ, ಮೇಲೆ ಸಣ್ಣ. ಅಡ್ಡಲಾಗಿ ಕತ್ತರಿಸಿ ನೋಡಿದರೆ ಕಾಲುಗಳು ತ್ರಿಕೋನ. ನೆಲದಲ್ಲಿ ಒಂದೊಂದು ಬದಿ 54 ಅಡಿ, ನೆತ್ತಿಯಲ್ಲಿ 17 ಅಡಿ. ಹಾಗಾಗಿ ಸರದ ಕೊಂಡಿಗಳೂ ತುದಿಗಳ ಕಡೆ ಭಾರ, ನಡುವೆ ಹಗುರ ಅಂತ ಲೆಕ್ಕ ಹಾಕಬೇಕಾಯಿತು. ಈ ಲೆಕ್ಕದ ಹಿಂದೆ ಇದ್ದವರು ಎಂಜಿನಿಯರ್ ಹಾನ್ಸ್‌ಕಾರ್ಲ್ ಬಾಂಡೆಲ್. ಕಮಾನು ಅಂದರೆ ಎಲ್ಲರೂ ಸಾರಿನೆನ್ ಹೆಸರು ಹೇಳುತ್ತಾರೆ. ಬಾಂಡೆಲ್ ಹೆಸರು ಹೇಳುವವರು ಕಡಿಮೆ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ಸಾರಿನೆನ್ 1961ರಲ್ಲೇ ತೀರಿಕೊಂಡರು. ಮೊದಲ ತುಂಡು ಎದ್ದು ನಿಂತಿದ್ದು 1963ರ ಫೆಬ್ರವರಿಯಲ್ಲಿ. ಹೊರಗೆ ಸ್ಟೇನ್‌ಲೆಸ್ ಸ್ಟೀಲ್, ಒಳಗೆ ಸಾದಾ ಉಕ್ಕು, 300 ಅಡಿಯವರೆಗೆ ನಡುವೆ ಕಾಂಕ್ರೀಟ್. ಒಟ್ಟು 142 ತುಂಡುಗಳು. ಸೆಂಟ್ರಿಂಗ್ ಇಲ್ಲ. ಕಾಲುಗಳ ಹೊರಮೈಗೆ ಹಳಿ ಹಾಕಿ, ಅದರ ಮೇಲೆ ಕ್ರೇನುಗಳನ್ನು ಹತ್ತಿಸಿದರು. ಕಾಲು ಬೆಳೆದಂತೆ ಕ್ರೇನೂ ಮೇಲಕ್ಕೆ ಹೋಗುತ್ತಿತ್ತು. 530 ಅಡಿಯ ತನಕ ಎರಡೂ ಕಾಲು ಒಂಟಿಯಾಗಿಯೇ ಒಳಕ್ಕೆ ವಾಲಿ ನಿಂತಿದ್ದವು. ಆಮೇಲಷ್ಟೇ ನಡುವೆ ಒಂದು ಉಕ್ಕಿನ ಅಡ್ಡತೊಲೆ ಕೊಟ್ಟರು.

ಬುಡದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮೇಲೆ ಎರಡು ಕಾಲು ಸೇರುವುದಿಲ್ಲ. ತಪ್ಪಿಗೆ ಕೊಟ್ಟ ರಿಯಾಯಿತಿ ಒಂದು ಇಂಚಿನ 64ನೇ ಒಂದು ಭಾಗ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಹಗಲಿನ ಅಳತೆ ನಂಬುವ ಹಾಗಿಲ್ಲ. ಹಾಗಾಗಿ ಅಳತೆಯೆಲ್ಲ ರಾತ್ರಿ ಹೊತ್ತು.

ಕೆಲಸದ ನಡುವೆ ಇನ್ನೊಂದು ಘಟನೆ ನಡೆಯಿತು. 1964ರ ಜುಲೈ 14ರಂದು ಪರ್ಸಿ ಗ್ರೀನ್ ಎಂಬ ಹೋರಾಟಗಾರ ಒಬ್ಬ ಸಂಗಾತಿಯ ಜೊತೆ ಒಂದು ಕಾಲಿನ ಏಣಿ ಹಿಡಿದು 125 ಅಡಿ ಹತ್ತಿ ಕೂತುಬಿಟ್ಟರು. ಸರ್ಕಾರದ ದುಡ್ಡಿನ ಕೆಲಸ, ಆದರೆ ಕಸುಬಿನ ಕೆಲಸಗಳಲ್ಲಿ ಕಪ್ಪು ಜನರಿಗೆ ಜಾಗ ಯಾಕಿಲ್ಲ ಅನ್ನುವುದು ಅವರ ಪ್ರಶ್ನೆ. ಕೆಳಗೆ ಇಳಿದ ಮೇಲೆ ಬಂಧನವಾಯಿತು. ಆದರೆ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು.

ಕೊನೆಯ ತುಂಡು ಕೂರಿಸಿದ್ದು 1965ರ ಅಕ್ಟೋಬರ್ 28ರ ಬೆಳಿಗ್ಗೆ. ದಕ್ಷಿಣದ ಕಾಲಿಗೆ ಬಿಸಿಲು ಬಿದ್ದು ಅದು ಹಿಗ್ಗತೊಡಗಿತು. ಅಗ್ನಿಶಾಮಕ ದಳದವರ ಪೈಪುಗಳನ್ನು ತರಿಸಿ ನೀರು ಹೊಡೆದರು, ಉಕ್ಕು ತಣ್ಣಗಾಗಿ ಕುಗ್ಗಲಿ ಅಂತ. ಜಾಕ್ ಕೊಟ್ಟು ಎರಡೂ ತುದಿಗಳನ್ನು ಆರಡಿಯಷ್ಟು ದೂರ ತಳ್ಳಿ, ನಡುವೆ ತುಂಡನ್ನು ಇಳಿಸಿದರು. ಕೆಳಗೆ ಜನಜಾತ್ರೆ. ಈ ಕೆಲಸದಲ್ಲಿ 13 ಜನ ಸಾಯಬಹುದು ಅಂತ ವಿಮೆಯವರು ಮೊದಲೇ ಅಂದಾಜು ಮಾಡಿದ್ದರು. ಸತ್ತವರು ಒಬ್ಬರೂ ಇಲ್ಲ.

ಕಮಾನು ನಿಂತಿತು, ಸರಿ. ಜನರನ್ನು ಮೇಲಕ್ಕೆ ಕರೆದೊಯ್ಯುವುದು ಹೇಗೆ? ಬಾಗಿದ ಪೊಳ್ಳಿನಲ್ಲಿ ಸಾದಾ ಲಿಫ್ಟ್ ನೇರ ಹೋಗಲಾರದು. ಎಂಜಿನಿಯರಿಂಗ್ ಪದವಿ ಇಲ್ಲದ ಡಿಕ್ ಬೌಸರ್ ಎಂಬವರಿಗೆ ಈ ಕೆಲಸ ವಹಿಸಿ, ಎರಡು ವಾರ ಗಡುವು ಕೊಟ್ಟರು. ಅವರು ಲಿಫ್ಟನ್ನೂ ಜಾತ್ರೆಯ ಜೈಂಟ್ ವೀಲನ್ನೂ ಬೆರೆಸಿಬಿಟ್ಟರು! ಗುಂಡನೆಯ ಪುಟ್ಟ ಡಬ್ಬಿಗಳು, ಒಂದೊಂದರಲ್ಲಿ ಐದು ಸೀಟು. ಕಾಲು ಬಾಗಿದಂತೆ ಡಬ್ಬಿಯೂ ತಿರುಗಿಕೊಂಡು ಕೂತವರನ್ನು ನೆಟ್ಟಗೆ ಇಡುತ್ತದೆ. ನಾಲ್ಕು ನಿಮಿಷದಲ್ಲಿ ನೆತ್ತಿ. ಅಲ್ಲಿನ ಕಿಟಕಿಗಳು ಮಾತ್ರ ಬಲು ಸಣ್ಣವು, ಏಳು ಇಂಚು ಎತ್ತರ, 27 ಇಂಚು ಅಗಲ. ಉಕ್ಕಿನ ಹೊದಿಕೆಯೇ ಭಾರ ಹೊರುವುದರಿಂದ, ಅದಕ್ಕಿಂತ ದೊಡ್ಡದಾಗಿ ಕೊರೆಯುವ ಹಾಗಿರಲಿಲ್ಲ.

ನಮಸ್ಕಾರ.